ವಿದ್ಯುತ್ ಗಿಟಾರೂ ಕೈಯ ವೇಗವೂ

ನಮ್ಮ ರೋಣದ ಸೀಮೆಯಲ್ಲಿ ಸಂಗೀತದ ಮಾತು ಬಂದಿತೆಂದರೆ ಹಿರಿಯರು ಒಂದು ಹೆಸರನ್ನು ಹೇಳದೆ ಬಿಡುವದಿಲ್ಲ. ಭೀಮಸೇನ ಜೋಶಿಯವರು 1922ರಲ್ಲಿ ರೋಣದಲ್ಲಿ ಹುಟ್ಟಿದರೆಂಬದು ಇಲ್ಲಿಯ ಸಣ್ಣ ಹುಡುಗರಿಗೂ ಬಾಯಿಪಾಠವಾಗಿದೆ. ಹಾಡಲು ಕುಳಿತ ಮಗುವಿಗಾಗಲಿ, ವಾದ್ಯವನ್ನು ಹಿಡಿದ ಮಗುವಿಗಾಗಲಿ, ಅವರ ತಾನುಗಳ ಓಟವನ್ನೇ ಮಾದರಿಯೆಂದು ತೋರಿಸುವದು ವಾಡಿಕೆ. ಆದರೆ 1933ರಲ್ಲಿ ಗುರುವನ್ನು ಅರಸುತ್ತ ಮನೆ ಬಿಟ್ಟುಹೋದ ಆ ಬಾಲಕನು ಊರೂರು ಅಲೆದು, 1936ರ ಸುಮಾರಿಗೆ ಕುಂದಗೋಳದ ಸವಾಯಿ ಗಂಧರ್ವರ ಆಶ್ರಯಕ್ಕೆ ಬಂದು, ಗುರುಗಳ ಮನೆಗೆ ನೀರು ಹೊತ್ತು, ವರ್ಷಗಟ್ಟಲೆ ಒಂದೊಂದು ಸ್ವರವನ್ನು ತಿದ್ದಿಕೊಂಡ ಸಂಗತಿಯನ್ನು ಮಕ್ಕಳಿಗೆ ಹೇಳುವವರು ಕಡಿಮೆ. ಓಟವನ್ನಷ್ಟೇ ಹೊಗಳಿ, ಓಡುವ ಮೊದಲು ಏನಾಯಿತೆಂಬದನ್ನು ಮುಚ್ಚಿಟ್ಟರೆ, ಕೇಳಿದ ಮಗುವು ಮೊದಲ ದಿನದಿಂದಲೇ ಓಡತೊಡಗುವದು ಸಹಜವೇ ಆಗಿದೆ.

ಇದನ್ನೆಲ್ಲ ಬರೆಯುವದಕ್ಕೆ ಕಾರಣವೇನೆಂದರೆ, ಕಳೆದ ದೀಪಾವಳಿಯಿಂದ ಈಚೆಗೆ ರಾಜೂರದ ನಮ್ಮ ಮನೆಯಲ್ಲಿ ವೇಗದ ವಿಚಾರವೊಂದೇ ವಿಚಾರವಾಗಿಬಿಟ್ಟಿದೆ. ಅದೂ ಕಂಠದ ವೇಗವಲ್ಲ, ವಿದ್ಯುತ್ ಗಿಟಾರಿನ ವೇಗ. ವಾಚಕರು ನಕ್ಕಾರು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವದನ್ನು ನೋಡುತ್ತ ಜೋಳ, ಹೆಸರು, ಕಡಲೆಗಳನ್ನು ಬೆಳೆಯುವ ಊರಿಗೂ ಅಮೆರಿಕೆಯಲ್ಲಿ ಹುಟ್ಟಿದ ಈ ವಾದ್ಯಕ್ಕೂ ಎತ್ತಣ ಸಂಬಂಧವೆಂದು ಕೇಳಿಯಾರು. ಆ ಸಂಬಂಧವನ್ನು ತಂದದ್ದು ನಮ್ಮ ಜಾತ್ರೆಗಳೇ. ಪೂರ್ವದಲ್ಲಿ ಜಾತ್ರೆಯ ರಾತ್ರಿಯೆಂದರೆ ದೊಡ್ಡಾಟ, ಸಣ್ಣಾಟ, ಭಜನೆ, ಇಲ್ಲವೆ ಕಂಪನಿಯ ನಾಟಕ. ಈಗಲೂ ಅವು ಇಲ್ಲವೆಂದಲ್ಲ. ಆದರೆ ತೇರನ್ನೆಳೆದ ರಾತ್ರಿ ರಸಮಂಜರಿಯಾಗದಿದ್ದರೆ ಈಗಿನ ತರುಣರಿಗೆ ಜಾತ್ರೆಯಾದಂತೆಯೇ ತೋರುವದಿಲ್ಲ. ರಸಮಂಜರಿಯ ಮೇಳದಲ್ಲಿ ಹಾಡುವವರು ಇಬ್ಬರು ಮೂವರು, ಕೀಬೋರ್ಡಿನವನೊಬ್ಬ, ಡ್ರಮ್ಮಿನವನೊಬ್ಬ, ಒಂದು ಮೂಲೆಯಲ್ಲಿ ಕೊರಳಿಗೆ ಪಟ್ಟಿ ಹಾಕಿಕೊಂಡು ನಿಂತ ಗಿಟಾರಿನವನೊಬ್ಬ. ನಮ್ಮ ತಂಗಿಯ ಮಗನು ಆ ಮೂಲೆಯವನು.

ಈ ವಾದ್ಯದ ಗುಟ್ಟನ್ನು ಮೊದಲು ತಿಳಿಯುವದು ಒಳ್ಳೆಯದು. ಏಕೆಂದರೆ ಮುಂದಿನ ಮಾತುಗಳೆಲ್ಲ ಅದನ್ನೇ ಅವಲಂಬಿಸಿವೆ. ಹಳೆಯ ಗಿಟಾರಿಗೆ ಪೊಳ್ಳು ಹೊಟ್ಟೆಯುಂಟು. ನಮ್ಮ ತಂಬೂರಿಯ ಕುಂಬಳದಂತೆ ಅದೇ ಸ್ವರವನ್ನು ದೊಡ್ಡದು ಮಾಡುವದು. ಆದರೆ ಹತ್ತಾರು ವಾದ್ಯಗಳ ನಡುವೆ ಅದರ ಧ್ವನಿಯು ಅಡಗಿಹೋಗುತ್ತಿತ್ತು. ಆದುದರಿಂದ 1931ರಲ್ಲಿ ಅಮೆರಿಕೆಯ ಜಾರ್ಜ್ ಬೀಚಮ್ ಎಂಬವನು ತಂತಿಯ ಬಳಿಯಲ್ಲಿ ಅಯಸ್ಕಾಂತವನ್ನೂ ಕೂದಲಿನಷ್ಟು ತೆಳುವಾದ ತಾಮ್ರದ ಎಳೆಯ ಸುರುಳಿಯನ್ನೂ ಇಟ್ಟು ಒಂದು ಹೊಸ ಬಗೆಯನ್ನು ಕಂಡುಹಿಡಿದನು. ಉಕ್ಕಿನ ತಂತಿಯು ಅಯಸ್ಕಾಂತದ ಮೇಲೆ ಕಂಪಿಸಿದಾಗ ತಾಮ್ರದ ಸುರುಳಿಯಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುವದು. ಆಂಪ್ಲಿಫಾಯರು ಅದನ್ನು ಸಾವಿರ ಪಟ್ಟು ಬೆಳೆಯಿಸಿ ಕರ್ಣಕ್ಕೆ ಮುಟ್ಟಿಸುವದು. ಆ ಮೊದಲ ವಾದ್ಯವನ್ನು ತೊಡೆಯ ಮೇಲೆ ಮಲಗಿಸಿ ಹವಾಯಿಯ ರೀತಿಯಿಂದ ಬಾರಿಸುತ್ತಿದ್ದರು. ಕೊರಳಿಗೆ ತೂಗುಹಾಕುವ ಗಟ್ಟಿ ಹಲಗೆಯ ಗಿಟಾರು ಎಲ್ಲೆಡೆಗೆ ಹಬ್ಬಿದ್ದು 1950ರ ನಂತರ.

ಇದರಿಂದ ಒಂದು ವಿಶೇಷವು ತಿಳಿದುಬರುವದು. ಧ್ವನಿಯನ್ನು ದೊಡ್ಡದು ಮಾಡುವ ಕೆಲಸವು ಕೈಯದಲ್ಲ, ಯಂತ್ರದ್ದು. ಕೈಯು ತಂತಿಯನ್ನು ಎಚ್ಚರಿಸಿದರೆ ಸಾಕು. ಅತಿ ತೆಳುವಾದ ತಂತಿಯ ದಪ್ಪವು ಸಾಮಾನ್ಯವಾಗಿ ಒಂದು ಮಿಲ್ಲಿಮೀಟರಿನ ಕಾಲು ಭಾಗದ ಆಸುಪಾಸಿನಲ್ಲಿರುವದು. ಅದಕ್ಕೆ ಎಷ್ಟು ಬಲ ಬೇಕು? ಆದರೂ ವೇದಿಕೆಯ ಮೇಲೆ ನಿಂತ ಹುಡುಗರು ಹಗೇವಿನ ಕಲ್ಲನ್ನು ಎತ್ತುವವರಂತೆ ಹಲ್ಲು ಕಚ್ಚಿ ಬಾರಿಸುವದನ್ನು ನಾವು ಎಷ್ಟೋ ಜಾತ್ರೆಗಳಲ್ಲಿ ನೋಡಿದ್ದೇವೆ.

ನಮ್ಮ ಹುಡುಗನ ಕಷ್ಟಕ್ಕೆ ಬರೋಣ. ಕಳೆದ ವರ್ಷ ಅವನ ಮೇಳದವರು ಹೊಸದೊಂದು ಸಿನಿಮಾ ಹಾಡನ್ನು ಎತ್ತಿಕೊಂಡರು. ಅದರಲ್ಲಿ ಎರಡು ಚರಣಗಳ ನಡುವೆ ಗಿಟಾರಿನದೊಂದು ಇಳಿಜಾರಿನ ಓಟವಿದೆ. ನಿಮಿಷಕ್ಕೆ 140 ಎಣಿಕೆ. ಎಣಿಕೆಗೆ ನಾಲ್ಕು ಸ್ವರ. ಅಂದರೆ ಸೆಕೆಂಡಿಗೆ ಒಂಬತ್ತಕ್ಕೂ ಮಿಕ್ಕಿ ಸ್ವರಗಳು, ಒಂದೊಂದೂ ಬೇರೆಬೇರೆಯಾಗಿ ಕೇಳಬೇಕು. ಹುಡುಗನು ಹಗಲಿರುಳು ಕುಳಿತು ಬಾರಿಸಿದನು. ಬಾರಿಸಿದಷ್ಟೂ ಓಟವು ಕಲಸಿಹೋಯಿತು. ಕೊನೆಗೆ ಎಡಗೈಯ ಹೆಬ್ಬೆರಳಿನ ಬುಡದಿಂದ ಮೊಣಕೈಯವರೆಗೆ ನೋವು ಹಿಡಿಯಿತು. ಮೇಳದ ಯಜಮಾನನು, "ನಿನ್ನ ಕೈಲೆ ಆಗದಿದ್ರ ಬಿಡಪ್ಪಾ, ಅದನ್ನ ಕೀಬೋರ್ಡಿನೊಳಗ ಹಾಕಿ ಒತ್ತತೀವಿ" ಎಂದನಂತೆ. ಅವನ ಮಾತೂ ಸುಳ್ಳಲ್ಲ. ಈಗಿನ ಕೀಬೋರ್ಡಿನಲ್ಲಿ ಗಿಟಾರಿನ ಧ್ವನಿಯೂ ಉಂಟು, ಗುಂಡಿಗೆ ನೋವೂ ಇಲ್ಲ. ಇತ್ತ ಹುಡುಗನ ತಂದೆಯು ಗಿಟಾರನ್ನು ಮಾರಿ ಗಜೇಂದ್ರಗಡದ ಅಂಗಡಿಯಲ್ಲಿ ಕೂತುಕೋ ಎಂದು ಹಟ ಹಿಡಿದನು. ದೀಪಾವಳಿಯ ಪಾಡ್ಯದ ದಿನ ತಂಗಿಯು ನಮ್ಮಲ್ಲಿಗೆ ಬಂದು, "ಅಣ್ಣಾ, ನೀನಾದರೂ ಅವಗೊಂದು ಬುದ್ಧಿ ಹೇಳು" ಎಂದಳು. ಯಾವ ಬುದ್ಧಿಯನ್ನು ಹೇಳಬೇಕೆಂಬದನ್ನು ಮಾತ್ರ ಅವಳು ಹೇಳಲಿಲ್ಲ. ಅವಳ ಮನಸ್ಸಿನಲ್ಲಿಯೂ ಎರಡು ಪಕ್ಷಗಳಿದ್ದವೆಂದು ತೋರುತ್ತದೆ.

ನಾವು ಗಿಟಾರನ್ನು ಕಲಿತವರಲ್ಲ. ತರುಣಪ್ರಾಯದಲ್ಲಿ ಧಾರವಾಡದಲ್ಲಿ ಓದುತ್ತಿದ್ದಾಗ ನಾಲ್ಕು ವರ್ಷ ಸಿತಾರನ್ನು ಕಲಿತೆವು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ರಹಿಮತ್ ಖಾನರು ಅಲ್ಲಿಗೆ ಬಂದು ನೆಲೆಸಿದಂದಿನಿಂದ ಧಾರವಾಡವು ಸಿತಾರಿನ ಊರೂ ಆಗಿದೆ. ಅವರ ಮೊಮ್ಮಗ ಬಾಲೇ ಖಾನರು 2007ರಲ್ಲಿ ತೀರಿಕೊಂಡರು. ಆ ಮನೆತನದ ವಿದ್ಯೆಯು ಇನ್ನೂ ನಡೆದಿದೆ. ಅಂಥ ಊರಿನಲ್ಲಿ ನಾಲ್ಕು ವರ್ಷ ಕಲಿತವನು ಕಲಾವಿದನಾಗಲಾರನು. ಆದರೆ ಇನ್ನೊಬ್ಬನ ಕೈಯಲ್ಲಿ ಎಲ್ಲಿ ಗಂಟು ಬಿದ್ದಿದೆಯೆಂಬದನ್ನು ಕೇಳಿ ತಿಳಿಯಬಲ್ಲನು. ಅಷ್ಟರ ಬಲದಿಂದ ನಾವು ಹುಡುಗನನ್ನು ಪಡಸಾಲೆಗೆ ಕರೆದೆವು.

ಎಲ್ಲಕ್ಕಿಂತ ಮೊದಲು ನೋವಿನ ಮಾತು. ಸಾಧನೆಯೆಂದರೆ ನೋಯಲೇಬೇಕೆಂಬ ತಿಳಿವಳಿಕೆಯು ನಮ್ಮಲ್ಲಿ ಬಹಳ ಜನರಿಗಿದೆ. ಬೆರಳಿನ ತುದಿಯು ಹೊಸದರಲ್ಲಿ ಉರಿಯುವದು, ಆಮೇಲೆ ಚರ್ಮವು ಗಟ್ಟಿಯಾಗುವದು. ಅದು ಸಾಧನೆಯ ನೋವು. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದಲ್ಲಿ, ಮುಂಗೈಯಲ್ಲಿ ಹುಟ್ಟುವ ನೋವು ಬೇರೆ. ಜೋಮು ಹಿಡಿಯುವದು ಅದಕ್ಕಿಂತಲೂ ಬೇರೆ. ಇವು ಸ್ನಾಯುರಜ್ಜುಗಳೂ ನರಗಳೂ ಕೊಡುವ ಎಚ್ಚರಿಕೆ. ಎಚ್ಚರಿಕೆಯನ್ನು ಮೀರಿ ಬಾರಿಸಿದವರು ತಿಂಗಳುಗಟ್ಟಲೆ ವಾದ್ಯವನ್ನು ಮುಟ್ಟದಂತಾದದ್ದುಂಟು. ಆದುದರಿಂದ ಹುಡುಗನನ್ನು ಗದಗಿನ ವೈದ್ಯರಲ್ಲಿಗೆ ಕಳುಹಿಸಿದೆವು. ಅವರು ಮೂರು ವಾರ ವಾದ್ಯವನ್ನು ಕೆಳಗಿಡಲು ಹೇಳಿದರು. ಹುಡುಗನಿಗೆ ಆ ಮೂರು ವಾರಗಳು ಮೂರು ವರ್ಷಗಳಾದವು. ನಮಗೆ ಮಾತ್ರ ವಿಚಾರ ಮಾಡಲು ಬಿಡುವು ದೊರೆಯಿತು.

ಆ ಬಿಡುವಿನಲ್ಲಿ ವಾದ್ಯವನ್ನೇ ಪರೀಕ್ಷಿಸಿದೆವು. ಗಿಟಾರಿನ ಕುತ್ತಿಗೆಯ ಮೇಲೆ ಸಿತಾರಿನ ಪರದೆಗಳಂತೆ ಲೋಹದ ಪಟ್ಟಿಗಳುಂಟು. ಫ್ರೆಟ್ಟು ಎಂದು ಅವಕ್ಕೆ ಹೆಸರು. ಹನ್ನೆರಡನೆಯ ಫ್ರೆಟ್ಟಿನ ಹತ್ತಿರ ತಂತಿಯು ಎರಡು ಮಿಲ್ಲಿಮೀಟರಿಗಿಂತ ಎತ್ತರದಲ್ಲಿರಬಾರದು. ಇದರಲ್ಲಿ ಮೂರನ್ನೂ ಮೀರಿತ್ತು. ನಮ್ಮ ಕಡೆಯ ಒಣ ಬಿಸಿಲಿಗೂ ಮಳೆಗಾಲದ ತೇವಕ್ಕೂ ಮರವು ಬಾಗುವದು, ತಂತಿಯು ಮೇಲೇಳುವದು. ಬಾರಿಸುವವನು ಅರಿಯದೆಯೇ ದಿನದಿನಕ್ಕೆ ಹೆಚ್ಚು ಒತ್ತತೊಡಗುವನು. ಅದರ ಮೇಲೆ ಇವನು ಗಂಡು ಧ್ವನಿ ಬರಲೆಂದು ದಪ್ಪ ತಂತಿಗಳನ್ನು ಕಟ್ಟಿದ್ದನು. ಹುಬ್ಬಳ್ಳಿಯ ಬಲ್ಲವರೊಬ್ಬರಲ್ಲಿ ಕುತ್ತಿಗೆಯನ್ನು ನೆಟ್ಟಗೆ ಮಾಡಿಸಿ, ತೆಳು ತಂತಿಗಳನ್ನು ಕಟ್ಟಿಸಿ ತಂದದ್ದಾಯಿತು. ಕುತ್ತಿಗೆಯೊಳಗಿನ ಕಂಬಿಯನ್ನು ಮನೆಯಲ್ಲಿ ತಿರುಗಿಸಹೋಗಬಾರದು. ಅದು ಮುರಿದರೆ ವಾದ್ಯವೇ ಕೆಟ್ಟಂತೆ.

ಮೂರು ವಾರಗಳ ಮೇಲೆ ಹುಡುಗನು ವಾದ್ಯವನ್ನು ಹಿಡಿದಾಗ ಅವನಿಂದ ನಾವು ಸ್ವರವನ್ನೇ ಬಾರಿಸಗೊಡಲಿಲ್ಲ. ತಂತಿಯ ಮೇಲೆ ಬೆರಳನ್ನು ಸುಮ್ಮನೆ ಇಟ್ಟು, ಒತ್ತದೆ ಬಾರಿಸೆಂದೆವು, ಟಪ್ಪೆಂದಿತು. ತುಸು ಒತ್ತೆಂದೆವು, ಝರ್ ಎಂದಿತು. ಇನ್ನೂ ಒಂದು ಎಳ್ಳಿನಷ್ಟು ಒತ್ತಿದಾಗ ಸ್ವರವು ಸ್ವಚ್ಛವಾಯಿತು. "ಇಷ್ಟ ಸಾಕು, ಇದರ ಮ್ಯಾಲ ಒತ್ತಿದ್ದೆಲ್ಲಾ ದಂಡ" ಎಂದೆವು. ಬೆರಳು ಫ್ರೆಟ್ಟಿನ ಬೆನ್ನಿಗೆ ಹತ್ತಿರವಾಗಿ ಬಿದ್ದಷ್ಟೂ ಬಲವು ಕಡಿಮೆ ಸಾಲುವದು. ಎರಡು ಫ್ರೆಟ್ಟುಗಳ ನಡುಮಧ್ಯದಲ್ಲಿ ಬಿದ್ದರೆ ಹೆಚ್ಚು ಬೇಕಾಗುವದು. ಹುಡುಗನು ತಾನು ಇದುವರೆಗೆ ಅದರ ನಾಲ್ಕರಷ್ಟು ಒತ್ತುತ್ತಿದ್ದೆನೆಂದು ತಾನೇ ಹೇಳಿದನು. ಹೆಬ್ಬೆರಳು ಕುತ್ತಿಗೆಯನ್ನು ಚಿಮಟಿಗೆಯಂತೆ ಹಿಡಿದದ್ದೇ ಅವನ ನೋವಿನ ಮೂಲವಾಗಿತ್ತು. ಅರ್ಧ ತಾಸು ಹೆಬ್ಬೆರಳನ್ನು ಪೂರಾ ಬಿಟ್ಟೇ ಬಾರಿಸಿ ನೋಡುವದು ಒಳ್ಳೆಯ ಪರೀಕ್ಷೆ.

ಬೆರಳುಗಳನ್ನು ಎತ್ತುವದರಲ್ಲಿಯೂ ಇದೇ ನ್ಯಾಯ. ಒಂದು ಬೆರಳು ತಂತಿಯನ್ನೊತ್ತುವಾಗ ಕಿರುಬೆರಳು ನಾಲ್ಕು ಅಂಗುಲ ಮೇಲಕ್ಕೆ ಹಾರಿಹೋಗುವದನ್ನು ಹೊಸಬರಲ್ಲಿ ನೋಡಬಹುದು. ಹಾರಿದ್ದು ಮರಳಿ ಬರಬೇಕಷ್ಟೆ! ಸೆಕೆಂಡಿಗೆ ಒಂಬತ್ತು ಸಲ ಹಾಗೆ ಹೋಗಿಬರುವದು ಯಾವ ಬೆರಳಿಗೂ ಸಾಧ್ಯವಲ್ಲ. ಎತ್ತಿದ ಬೆರಳು ತಂತಿಯಿಂದ ಒಂದು ಬೆರಳಿನ ದಪ್ಪದಷ್ಟರ ಒಳಗೇ ಇರಬೇಕು. ಬಲಗೈಯದೂ ಅಷ್ಟೇ. ಪಿಕ್ಕು ಎಂಬ ತ್ರಿಕೋನದ ಚಿಪ್ಪಿನಿಂದ ಗಿಟಾರನ್ನು ಮೀಟುವರು. ಅದರ ತುದಿಯ ಎರಡು ಮಿಲ್ಲಿಮೀಟರು ಮಾತ್ರ ತಂತಿಗೆ ತಾಕಿದರೆ ಸಾಕು. ನಮ್ಮ ಹುಡುಗನ ಪಿಕ್ಕು ರೈತನು ರಂಟೆ ಹೊಡೆದಂತೆ ಆಳಕ್ಕೆ ಇಳಿಯುತ್ತಿತ್ತು.

ಇಷ್ಟಾದ ಮೇಲೆ ನೋವು ಮರಳಲಿಲ್ಲ. ಆದರೆ ಓಟವು ಬರಲಿಲ್ಲ. ನಿಮಿಷಕ್ಕೆ 95 ಎಣಿಕೆಯವರೆಗೆ ಚೆನ್ನಾಗಿ ಬರುವದು. ಅದರ ಮೇಲೆ ಕಲಸುವದು. "ಮಾಮಾ, ಸಾವಕಾಶ ಬಾರಿಸಿದ್ರ ಬರತದ, ಜೋರು ಮಾಡಿದ್ರ ಎಲ್ಲೋ ಸಿಕ್ಕೊಂಡಂಗ ಆಗತದ" ಎಂದು ಹುಡುಗನು ಹೇಳಿದನು. ಎಲ್ಲೋ ಎಂಬದು ಉತ್ತರವಲ್ಲ. ಎಲ್ಲಿ? ನಾವು ಕಣ್ಣು ಮುಚ್ಚಿಕೊಂಡು ಕೇಳಿದೆವು. ಎಡವುವ ತಾಣವು ಪ್ರತಿ ಸಲವೂ ಒಂದೇ. ಮೊದಲನೆಯ ತಂತಿಯ ಮೂರು ಸ್ವರಗಳು ಮುಗಿದು ಎರಡನೆಯ ತಂತಿಗೆ ಇಳಿಯುವಲ್ಲಿ. ಅದೇ ಲೆಕ್ಕದ ಸ್ವರಗಳನ್ನು ಒಂದೇ ತಂತಿಯ ಮೇಲೆ ಬಾರಿಸೆಂದೆವು. 120ರಲ್ಲಿಯೂ ಮುತ್ತು ಪೋಣಿಸಿದಂತೆ ಬಂದವು! ಅಂದರೆ ಹುಡುಗನ ಬೆರಳುಗಳು ಮಂದವಾಗಿರಲಿಲ್ಲ. ಮೀಟುವ ಕೈಯೂ ಮಂದವಾಗಿರಲಿಲ್ಲ. ತಂತಿಯಿಂದ ತಂತಿಗೆ ದಾಟುವದೊಂದೇ ತೊಡಕು. ಅದನ್ನು ತಿಳಿಯದೆ ಅವನು ಆರು ತಿಂಗಳು ಬೆರಳುಗಳನ್ನು ದಂಡಿಸಿದ್ದನು.

ಇಲ್ಲಿಗೆ ನಮ್ಮ ಸಿತಾರಿನ ವಿದ್ಯೆಯು ಮುಗಿಯಿತು. ಸಿತಾರಿನಲ್ಲಿ ರಾಗವು ಬಹುಮಟ್ಟಿಗೆ ಮೊದಲನೆಯ ತಂತಿಯೊಂದರ ಮೇಲೆಯೇ ನಡೆಯುವದು. ಉದ್ದವಾದ ದಂಡಿಯ ಮೇಲೆ ಕೈಯು ಕೆಳಗೆ ಮೇಲೆ ಓಡಾಡುವದೇ ಹೊರತು ತಂತಿಗಳನ್ನು ಅಡ್ಡ ದಾಟುವದು ಕಡಿಮೆ. ಗಿಟಾರಿನಲ್ಲಿ ಆರು ತಂತಿಗಳು; ಓಟವು ಅವುಗಳನ್ನು ದಾಟುತ್ತಲೇ ಹೋಗುವದು. ಈಚಿನ ವರ್ಷಗಳಲ್ಲಿ ಅಮೆರಿಕೆಯ ಟ್ರಾಯ್ ಗ್ರೇಡಿ ಎಂಬವರು ವೇಗದ ವಾದಕರ ಗಿಟಾರಿಗೇ ಕ್ಯಾಮರಾವನ್ನು ಕಟ್ಟಿ, ಅವರ ಪಿಕ್ಕಿನ ಚಲನೆಯನ್ನು ನಿಧಾನಗತಿಯಲ್ಲಿ ತೋರಿಸಿದ್ದಾರೆ. ಹುಡುಗನು ತನ್ನ ದೂರವಾಣಿಯಲ್ಲಿ ನಮಗೆ ಅದನ್ನು ತೋರಿಸಿದನು. ಅದರಿಂದ ತಿಳಿದದ್ದು ಇಷ್ಟು: ಪಿಕ್ಕು ತಂತಿಗಳ ಸಾಲಿಗೆ ಸಮನಾಗಿ ಹೋಗಿಬರುವದಿಲ್ಲ, ತುಸು ಓರೆಯಾಗಿ ಚಲಿಸುವದು. ಓರೆಯಿರುವದರಿಂದ ಒಂದು ದಿಕ್ಕಿನ ಮೀಟು ಮುಗಿದಾಗ ಪಿಕ್ಕು ತಂತಿಗಳಿಂದ ಮೇಲಕ್ಕೆ ಗಾಳಿಯಲ್ಲಿರುವದು. ಇನ್ನೊಂದು ದಿಕ್ಕಿನ ಮೀಟು ಮುಗಿದಾಗ ಎರಡು ತಂತಿಗಳ ನಡುವೆ ಹೂತಿರುವದು. ಗಾಳಿಯಲ್ಲಿದ್ದಾಗ ಯಾವ ತಂತಿಗಾದರೂ ಹೋಗಬಹುದು. ಹೂತಿದ್ದಾಗ ಹೋಗಲು ತಂತಿಯನ್ನು ಹಾರಬೇಕು. ಆ ಹಾರಾಟಕ್ಕೆ ವೇಗದಲ್ಲಿ ವೇಳೆಯಿಲ್ಲ.

ಇದನ್ನು ನಾವಿಬ್ಬರೂ ಪೂರ್ತಿಯಾಗಿ ಮನಗಂಡದ್ದು ಮಗ್ಗದ ಮನೆಯಲ್ಲಿ. ಗಜೇಂದ್ರಗಡವು ಸೀರೆಯ ನೇಕಾರಿಕೆಗೆ ಹೆಸರಾದ ಊರು. ಅಲ್ಲಿಯ ನಮ್ಮ ಹಳೆಯ ಪರಿಚಿತರೊಬ್ಬರು ಕೈಮಗ್ಗದಲ್ಲಿ ಕೂತು ಐವತ್ತು ವರ್ಷ ಕಳೆದವರು. ಬೇರೊಂದು ಕೆಲಸಕ್ಕೆ ಹೋದಾಗ ಹುಡುಗನು ಅವರ ಲಾಳಿಯು ಅತ್ತಿಂದಿತ್ತ ಹಾರುವದನ್ನು ಬೆರಗಾಗಿ ನೋಡುತ್ತ ನಿಂತು, ಇಷ್ಟು ಜೋರಾಗಿ ಎಸೆದರೂ ಎಳೆಗೆ ತಾಕುವದಿಲ್ಲವೇ ಎಂದು ಕೇಳಿದನು. "ಲಾಳಿ ಜೋರಿಲೆ ಹೋಗೂದಲ್ಲ ತಮ್ಮಾ, ದಾರಿ ತೆರದಿದ್ರ ಹೋಗತದ. ಎಳಿ ಬಾಯಿ ಬಿಡೂಕಿಂತ ಮೊದಲ ಒಗದಿ ಅಂದ್ರ ಸೀರಿನ ಹರೀತದ" ಎಂದರು ಅವರು. ಹಾಸಿನ ಎಳೆಗಳು ಕೆಳಗೆ ಮೇಲಾಗಿ ಬಾಯಿ ತೆರೆದ ಕ್ಷಣದಲ್ಲಿಯೇ ಲಾಳಿಯು ನುಸುಳಬೇಕು. ಹುಡುಗನು ನಮ್ಮ ಕಡೆ ನೋಡಿದನು; ನಾವು ಅವನ ಕಡೆ ನೋಡಿದೆವು.

ಇನ್ನು ಉಪಾಯವು ಲೆಕ್ಕದ ಮಾತು. ಅವನ ಕೈಯಲ್ಲಿ ಮೇಲ್ಮುಖದ ಮೀಟು ಮುಗಿದಾಗ ಪಿಕ್ಕು ಗಾಳಿಗೆ ಬರುತ್ತಿತ್ತು. ಕೆಳಗೆ, ಮೇಲೆ ಎಂದು ಒಂದು ತಂತಿಯ ಮೇಲೆ ಸಮಸಂಖ್ಯೆಯ ಮೀಟುಗಳಿದ್ದರೆ ಕಡೆಯದು ಮೇಲ್ಮುಖವಾಗುವದು, ದಾರಿ ತೆರೆದಿರುವದು. ಹಾಡಿನ ಓಟದಲ್ಲಿಯೋ ತಂತಿಗೆ ಮೂರು ಮೂರು ಸ್ವರಗಳು; ಮೂರನೆಯದು ಕೆಳಮುಖದ ಮೀಟು, ಅಲ್ಲಿಯೇ ಹೂಳುವದು. ಸ್ವೀಡನ್ನಿನ ಇಂಗ್ವೀ ಮಾಲ್ಮ್‌ಸ್ಟೀನ್ ಎಂಬ ಹೆಸರಾಂತ ವಾದಕನು ಇಂಥಲ್ಲಿ ಬಹುವಾಗಿ ಸಮಸಂಖ್ಯೆಯನ್ನೇ ಹಿಡಿದು, ಹೆಚ್ಚಾದ ಸ್ವರವನ್ನು ಮೀಟದೆ ಎಡಗೈಯಿಂದಲೇ ನುಡಿಸುವನೆಂದು ಆ ಚಿತ್ರಗಳಿಂದ ತಿಳಿಯಿತು. ಅದನ್ನು ಕೇಳಿದೊಡನೆ ನಮಗೆ ನಮ್ಮ ಸಿತಾರಿನ ಕೃಂತನವು ನೆನಪಾಯಿತು. ಒಮ್ಮೆ ಮೀಟಿ, ಬಲಗೈಯನ್ನು ಸುಮ್ಮನಿರಿಸಿ, ಎಡಗೈಯ ಬೆರಳಿನಿಂದ ತಂತಿಯನ್ನು ಗೀರಿ ಬಿಟ್ಟು ಕೆಳಗಿನ ಸ್ವರವನ್ನು ಹೊರಡಿಸುವದಕ್ಕೆ ಕೃಂತನವೆಂದು ಹೆಸರು. ಸಮುದ್ರದಾಚೆಯವರು ಬೇರೆ ಹೆಸರಿನಿಂದ ಮಾಡುವದೂ ಅದನ್ನೇ. ಕೆಳಗೆ, ಮೇಲೆ, ಕೃಂತನ. ಕೆಳಗೆ, ಮೇಲೆ, ಕೃಂತನ. ಸ್ವರಗಳು ಮೂರೇ ಆದರೂ ಮೀಟುಗಳು ಎರಡು. ಕೃಂತನವು ನುಡಿಯುತ್ತಿರುವಷ್ಟರಲ್ಲಿ ಪಿಕ್ಕು ಗಾಳಿಯಲ್ಲಿದ್ದು ಮುಂದಿನ ತಂತಿಯ ಮೇಲೆ ಹೋಗಿ ಕಾದಿರುವದು.

ಸಾಧನೆಯ ಕ್ರಮದಲ್ಲಿಯೂ ಒಂದು ತಿದ್ದುಪಡಿಯನ್ನು ಮಾಡಬೇಕಾಯಿತು. ನಿಧಾನವಾಗಿ ಬಾರಿಸು, ವೇಗವು ತಾನಾಗಿ ಬರುವದೆಂದು ಎಲ್ಲ ಗುರುಗಳೂ ಹೇಳುವರು. ಅದು ನಿಜವೇ, ಆದರೆ ಅರ್ಧ ನಿಜ. ನಡಿಗೆಯನ್ನು ಎಷ್ಟು ತೀವ್ರಗೊಳಿಸಿದರೂ ಓಟವಾಗುವದಿಲ್ಲ. ಓಟದಲ್ಲಿ ಎರಡೂ ಕಾಲುಗಳು ನೆಲವನ್ನು ಬಿಡುವ ಕ್ಷಣವೊಂದುಂಟು, ನಡಿಗೆಯಲ್ಲಿ ಅದಿಲ್ಲ. ನಿಧಾನದಲ್ಲಿ ಪಿಕ್ಕು ಹೇಗೆ ದಾಟಿದರೂ ನಡೆಯುವದು; ಆ ರೂಢಿಯನ್ನೇ ಸಾವಿರ ಸಲ ಗಟ್ಟಿಮಾಡಿದರೆ ವೇಗಕ್ಕೆ ಅಡ್ಡಿಯನ್ನೇ ಕಟ್ಟಿದಂತಾಗುವದು. ಆದುದರಿಂದ ಎರಡು ಬಗೆಗಳನ್ನು ಕೂಡಿಸಿದೆವು. ಒಂದು, 70ರ ಎಣಿಕೆಯಲ್ಲಿ ಓಟವನ್ನು ಪೂರ್ತಿಯಾಗಿ, ಆದರೆ ವೇಗದಲ್ಲಿ ಬೇಕಾಗುವಂಥ ಸಣ್ಣ ಚಲನೆಗಳಿಂದಲೇ ಬಾರಿಸುವದು; ಮೂರು ಸಲ ನಿರ್ದೋಷವಾಗಿ ಬಂದರೆ ನಾಲ್ಕು ಎಣಿಕೆಗಳನ್ನು ಏರಿಸುವದು, ತಪ್ಪಿದರೆ ಎಂಟು ಇಳಿಸುವದು. ಎರಡು, 140ರ ಪೂರ್ಣ ವೇಗದಲ್ಲಿ ನಾಲ್ಕೇ ಸ್ವರಗಳನ್ನು ಚಿಮ್ಮಿಸಿ ಐದನೆಯದರ ಮೇಲೆ ನಿಂತುಬಿಡುವದು. ಕೈಯನ್ನು ಸಡಿಲಿಸಿ, ಉಸಿರಾಡಿ, ಮತ್ತೆ ಚಿಮ್ಮಿಸುವದು. ಕೆಲವು ದಿನಗಳಾದ ಮೇಲೆ ಚಿಮ್ಮುಗೆಯನ್ನು ಎಂಟು ಸ್ವರಗಳಿಗೆ, ಆಮೇಲೆ ಹನ್ನೆರಡಕ್ಕೆ ಬೆಳೆಯಿಸುವದು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ನೀರು ಕುಡಿಯುವದು ಕಡ್ಡಾಯ. ನಮ್ಮ ದಕ್ಷಿಣಾದಿಯವರ ಸರಳೆ ವರಸೆಯಲ್ಲಿ ಒಂದನೆಯ ಕಾಲ, ಎರಡನೆಯ ಕಾಲ, ಮೂರನೆಯ ಕಾಲವೆಂದು ವೇಗವು ಪ್ರತಿ ಸಲ ಇಮ್ಮಡಿಸುವದು. ಹಿಂದುಸ್ತಾನಿಯಲ್ಲಿ ಬರಾಬರ, ದುಗುನ, ಚೌಗುನಗಳೂ ಅದೇ. ಲಯವನ್ನು ಒಳಗೆ ನಿಲ್ಲಿಸಲು ಅದಕ್ಕಿಂತ ಮೇಲಾದ ಕ್ರಮವಿಲ್ಲ. ಆದರೆ ಇಮ್ಮಡಿಯ ನಡುವಿನ ಮೆಟ್ಟಿಲುಗಳು ಅದರಲ್ಲಿ ಕಾಣುವದಿಲ್ಲ. ಎಣಿಕೆಯ ಯಂತ್ರವು ಆ ಮೆಟ್ಟಿಲುಗಳನ್ನು ಕೊಡುವದು. ಈಗ ಅದಕ್ಕೆ ಬೇರೆ ಯಂತ್ರವೂ ಬೇಡ, ದೂರವಾಣಿಯೊಂದಿದ್ದರೆ ಸಾಕು.

ಸ್ವಚ್ಛತೆಯೆಂಬದು ವೇಗದ ಜೊತೆಗೆ ಕಲಿಯುವ ಬೇರೊಂದು ವಿದ್ಯೆ. ಗಿಟಾರಿನಲ್ಲಿ ಬೇಕಾದ ತಂತಿಯನ್ನು ನುಡಿಸುವದು ಅರ್ಧ ಕೆಲಸ. ಬೇಡವಾದ ಐದನ್ನು ಸುಮ್ಮನಿರಿಸುವದು ಉಳಿದರ್ಧ. ಬಲ ಅಂಗೈಯ ಅಂಚು ದಪ್ಪ ತಂತಿಗಳ ಮೇಲೆ ಹಗುರಾಗಿ ಒರಗಿರಬೇಕು. ಎಡ ತೋರುಬೆರಳು ತೆಳು ತಂತಿಗಳನ್ನು ಹಾಗೆಯೇ ತಾಕಿರಬೇಕು. ಒತ್ತುವ ಬೆರಳಿನ ತುದಿಯು ಪಕ್ಕದ ದಪ್ಪ ತಂತಿಯನ್ನು ಮುಟ್ಟಿ ತಡೆಯಬೇಕು. ವೇದಿಕೆಯವರು ಆಂಪ್ಲಿಫಾಯರಿನಲ್ಲಿ ಧ್ವನಿಯನ್ನು ಒಡೆದು ಗರ್ಜಿಸುವಂತೆ ಮಾಡುವ ಒಂದು ಬಗೆಯುಂಟು. ಅದರ ಸ್ವಭಾವವು ವಿಚಿತ್ರವಾದದ್ದು. ಮೆಲ್ಲಗೆ ಮೀಟಿದ್ದನ್ನೂ ಜೋರಾಗಿ ಮೀಟಿದ್ದನ್ನೂ ಅದು ಸರಿಸಮ ಮಾಡುವದು. ಆದುದರಿಂದ ಮೀಟಿನ ಏರುಪೇರುಗಳು ಅದರಲ್ಲಿ ಅಡಗುವವು. ಆದರೆ ಬೆರಳು ತಾಕಿ ಎದ್ದ ಸಣ್ಣ ಸದ್ದನ್ನೂ ಸ್ವರದಷ್ಟೇ ದೊಡ್ಡದು ಮಾಡುವದು. ಆದುದರಿಂದ ತಡೆಯದ ತಂತಿಗಳ ಗದ್ದಲವು ಬಯಲಿಗೆ ಬೀಳುವದು. ಒಂದು ದೋಷವು ಗರ್ಜನೆಯಿಲ್ಲದಾಗ ಕೇಳುವದು, ಇನ್ನೊಂದು ಗರ್ಜನೆಯಿದ್ದಾಗ. ಬರಿಯ ಗರ್ಜನೆಯಲ್ಲಿಯೇ ಕಲಿತ ನಮ್ಮ ಹುಡುಗನಿಗೆ ಮೊದಲನೆಯ ದೋಷದ ಸುಳಿವೇ ಇರಲಿಲ್ಲ. ಈಗ ಎರಡರಲ್ಲಿಯೂ ಬಾರಿಸುತ್ತಾನೆ.

ವಿದ್ಯುತ್ತು ಹೋದಾಗ ಏನು ಮಾಡುವದು? ನಮ್ಮ ಹಳ್ಳಿಗಳಲ್ಲಿ ಈ ಪ್ರಶ್ನೆಯು ಸಣ್ಣದಲ್ಲ. ಹುಡುಗನು ಅಂಥ ಹೊತ್ತಿನಲ್ಲಿ ವಾದ್ಯವನ್ನು ಗೂಟಕ್ಕೆ ತೂಗುಹಾಕಿ ಹೊರಗೆ ಹೋಗುತ್ತಿದ್ದನು. ನಾವು ಅವನಿಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಮಾತನ್ನು ಹೇಳಿದೆವು. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರು 1944ರಲ್ಲಿ ಲಿಂಗೈಕ್ಯರಾದ ಮೇಲೆ ಆಶ್ರಮವನ್ನು ನಡೆಯಿಸಿದ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಆದರೂ ಪುಟ್ಟರಾಜರು ಹಾರ್ಮೋನಿಯಂ, ತಬಲಾ, ವಾಯೋಲಿನ್ನುಗಳನ್ನು ನುಡಿಸಿದರು. 2010ರಲ್ಲಿ ತೀರಿಕೊಳ್ಳುವವರೆಗೆ ಅಂಧರಾದ ಎಷ್ಟೋ ಮಕ್ಕಳಿಗೆ ವಿದ್ಯೆಯನ್ನು ಕೊಟ್ಟರು. ಅಲ್ಲಿಯ ಮಕ್ಕಳ ಬೆರಳುಗಳಿಗೆ ದಾರಿ ತೋರಿಸಿದ್ದು ಕಿವಿಯೇ. ಗಿಟಾರಿನ ಹುಡುಗರು ಕುತ್ತಿಗೆ ಬಗ್ಗಿಸಿ ಫ್ರೆಟ್ಟುಗಳನ್ನೇ ದಿಟ್ಟಿಸುವರು. ಕಣ್ಣು ಕೆಲಸಮಾಡುವಾಗ ಕಿವಿಯು ಮಲಗುವದು. ಕತ್ತಲೆಯಲ್ಲಿ ಕೂತು ಬಾರಿಸೆಂದೆವು. ಆಂಪ್ಲಿಫಾಯರಿಲ್ಲದ ವಿದ್ಯುತ್ ಗಿಟಾರು ಸೊಳ್ಳೆಯಷ್ಟು ಸದ್ದು ಮಾಡುವದು. ಮನೆಯವರ ನಿದ್ದೆಗೆ ಭಂಗವಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಸದ್ದು ಸಾಲದೆಂದು ಕೈಯು ತಿರುಗಿ ಬಲವನ್ನು ಹಾಕತೊಡಗುವದು. ಅದಾಗದಂತೆ ನೋಡಿಕೊಂಡರೆ, ಕತ್ತಲೆಯ ಅರ್ಧ ತಾಸು ಬೆಳಕಿನ ಒಂದು ತಾಸಿಗೆ ಸಮವೆಂದು ನಮ್ಮ ಅನುಭವ.

ಮನೆಯಲ್ಲಿ ಇಂಥ ವಾದ್ಯವನ್ನಿಟ್ಟುಕೊಂಡ ಗೃಹಸ್ಥರಿಗೆ ಒಂದು ಮಾತು ಹೇಳಲೇಬೇಕು. ಗಿಟಾರಿನ ತಂತಿಗಳು ಆಂಪ್ಲಿಫಾಯರಿನ ಮೂಲಕ ಭೂಮಿಯ ತಂತಿಗೆ ಜೋಡಿಸಲ್ಪಟ್ಟಿರುವವು. ಮೂರು ಕಾಲಿನ ಪ್ಲಗ್ಗು ಗೋಡೆಗೆ ಹೊಂದಲಿಲ್ಲವೆಂದು ದೊಡ್ಡ ಕಾಲನ್ನು ಮುರಿದು ಹಾಕುವ ಪದ್ಧತಿಯು ನಮ್ಮ ಊರುಗಳಲ್ಲಿದೆ. ಹಾಗೆ ಮಾಡಿದರೆ, ಯಂತ್ರದೊಳಗೆ ಎಲ್ಲಿಯಾದರೂ ದೋಷವಾದಾಗ ವಿದ್ಯುತ್ತು ತಂತಿಗಳ ಮೂಲಕ ಬಾರಿಸುವವನ ಕೈಗೇ ಬರುವದು. ಹಸಿನೆಲದ ಮೇಲೆ ನಿಂತು ಧ್ವನಿವರ್ಧಕವನ್ನು ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಜಾತ್ರೆಯ ತಾತ್ಪೂರ್ತಿಕ ವೇದಿಕೆಗಳಲ್ಲಂತೂ ಇದನ್ನು ಮೊದಲು ನೋಡಬೇಕು. ಭೂಮಿಯ ತಂತಿಯು ಸರಿಯಿಲ್ಲದ ಮನೆಯಲ್ಲಿ ಗಿಟಾರು ಗುಂಯ್ಗುಡುವದೂ ಹೆಚ್ಚು. ಎರಡು ಸುರುಳಿಗಳನ್ನು ಎದುರುಬದುರಾಗಿ ಜೋಡಿಸಿ ಈ ಗುಂಯ್ಗುಡುವಿಕೆಯನ್ನು ಅಳಿಸುವ ಉಪಾಯವನ್ನು 1955ರಲ್ಲಿ ಅಮೆರಿಕೆಯ ಗಿಬ್ಸನ್ ಕಂಪನಿಯ ಸೇಥ್ ಲವರ್ ಎಂಬವನು ಕಂಡುಹಿಡಿದನು; ಅಂಥ ಸುರುಳಿಯ ಗಿಟಾರುಗಳು ಈಗ ಎಲ್ಲೆಡೆಗೂ ಸಿಗುವವು. ಆದರೆ ಅದು ಪ್ಲಗ್ಗಿನ ಮೂರನೆಯ ಕಾಲಿಗೆ ಬದಲಿಯಲ್ಲ.

ತಂಗಿಗೆ ನಾವು ಕೊಟ್ಟ ಉತ್ತರವು ಇದಾಗಿತ್ತು: ಜಾತ್ರೆಯವರೆಗೆ ಗಿಟಾರನ್ನು ಮಾರಕೂಡದು, ಹಗಲು ಹುಡುಗನು ಅಂಗಡಿಯಲ್ಲಿ ಕೂಡಲಿ, ಸಂಜೆ ನಮ್ಮ ಪಡಸಾಲೆಗೆ ಬರಲಿ. ತಂದೆಯು ಒಲ್ಲದ ಮನಸ್ಸಿನಿಂದಲೇ ಒಪ್ಪಿದನು. ಮೇಳದ ಯಜಮಾನನೂ ಜಾತ್ರೆಯ ಮುಂಚಿನ ವಾರ ಕೇಳಿ ನೋಡುವೆನೆಂದಿದ್ದಾನೆ. ಕೀಬೋರ್ಡಿನವನು ಆ ಓಟವನ್ನು ಒತ್ತಿ ಒತ್ತಿ ರೂಢಿಮಾಡಿಕೊಳ್ಳುತ್ತಿರುವನೆಂಬ ಸುದ್ದಿಯೂ ಬಂದಿದೆ. ಹುಡುಗನು ಈ ಮಾತನ್ನು ನಮ್ಮ ಮುಂದೆ ಎತ್ತುವದಿಲ್ಲ. ಬಂದೊಡನೆ ಕೈ ತೊಳೆದು, ಬಟ್ಟೆಯಿಂದ ತಂತಿಗಳನ್ನು ಒರೆಸಿ, ಎಣಿಕೆಯನ್ನು 70ಕ್ಕೆ ಇಟ್ಟು ಕೂಡುವನು.

ಇದನ್ನು ಬರೆಯುವ ಹೊತ್ತಿಗೆ ಅವನು 128ನ್ನು ಮೂರು ಸಲ ನಿರ್ದೋಷವಾಗಿ ದಾಟಿದ್ದಾನೆ. 132ರಲ್ಲಿ ಎರಡನೆಯ ತಂತಿಯಿಂದ ಮೂರನೆಯದಕ್ಕೆ ಇಳಿಯುವಲ್ಲಿ ಒಮ್ಮೊಮ್ಮೆ ಕೃಂತನವು ಸಡಿಲಾಗುತ್ತಿದೆ. ಉಂಗುರಬೆರಳು ತಂತಿಯನ್ನು ಗೀರುವ ಬದಲು ಬರಿದೆ ಎತ್ತುತ್ತಿದೆ, ಸ್ವರವು ಅಲ್ಲಿ ಮಸುಕಾಗುತ್ತಿದೆ. ನಾಳೆಯಿಂದ ಆ ಎರಡು ಸ್ವರಗಳನ್ನಷ್ಟೇ ಬೇರೆ ತೆಗೆದು ಬಾರಿಸಬೇಕೆಂದು ಗೊತ್ತುಮಾಡಿದ್ದೇವೆ. ಜಾತ್ರೆಗೆ ಇನ್ನೂ ಐದು ವಾರಗಳಿವೆ.